ಅಮೆರಿಕದಲ್ಲಿ ಮನೆ ಬಿಟ್ಟು ಸ್ನೇಹಿತರ ಮನೆಯಲ್ಲಿದ್ದೇವೆ, ಮಗಳ ಶಾಲೆ ಬಿಡಿಸಬೇಕಾ?

ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಅಪಾರ್ಟ್‌ಮೆಂಟ್ ಖಾಲಿ ಮಾಡಿದ್ದೀರಿ. ಈಗ ಪಕ್ಕದ ಊರಿನಲ್ಲಿ ಸ್ನೇಹಿತರ ಮನೆಯಲ್ಲಿದ್ದೀರಿ, ಅದು ಬೇರೆ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತವೇ ಬೇರೆ. ಮಗಳನ್ನು ಹಳೇ ಶಾಲೆಯಿಂದ ಬಿಡಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಅಲ್ಲೇ ಓದುವ ಹಕ್ಕು ಅವಳಿಗಿದೆ.

ನಾನು ಇಲ್ಲಿನ ಸರ್ಕಾರಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ದಾಖಲಾತಿ ಫಾರ್ಮಿನ ಜೊತೆ ಒಂದು ಪುಟ ಇರುತ್ತದೆ: ಮಗು ಈಗ ರಾತ್ರಿ ಎಲ್ಲಿ ಉಳಿಯುತ್ತಿದೆ? ಶೆಲ್ಟರ್, ಮೋಟೆಲ್, ಕಾರು, ಕಷ್ಟದಿಂದಾಗಿ ಬೇರೆಯವರ ಮನೆ. ಒಂದಕ್ಕೆ ಟಿಕ್ ಹಾಕಬೇಕು. ಎಷ್ಟೋ ಅಪ್ಪ ಅಮ್ಮಂದಿರು ಆ ಪುಟ ಮುಟ್ಟದೆ ವಾಪಸ್ ಕೊಡುತ್ತಾರೆ. ನಾವೇನು ಬೀದಿಯಲ್ಲಿದ್ದೀವಾ ಅನ್ನಿಸುತ್ತದೆ, ಅಲ್ವಾ? ನಿಮಗೂ ಹಾಗನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇಡೀ ಸಹಾಯ ನಿಂತಿರುವುದೇ ಆ ಟಿಕ್ ಮೇಲೆ. ಮನೆಯಿಲ್ಲದ ಮಕ್ಕಳ ಓದಿಗೆ ರಕ್ಷಣೆ ಕೊಡುವ 1987ರ ಮ್ಯಾಕಿನ್ನಿ-ವೆಂಟೊ ಕಾಯ್ದೆ ಅಂತ ಒಂದಿದೆ. ಮನೆ ಕಳೆದುಕೊಂಡು ಅಥವಾ ದುಡ್ಡಿನ ತೊಂದರೆಯಿಂದ ಇನ್ನೊಬ್ಬರ ಮನೆಯಲ್ಲಿರುವ ಮಕ್ಕಳೂ ಅದರ ಲೆಕ್ಕದಲ್ಲಿ ಮನೆಯಿಲ್ಲದವರೇ. ನೀವು ಕೊಡುವ ಈ ಮಾಹಿತಿಯನ್ನು ಶಾಲೆಯವರು ಕಂಡಕಂಡವರಿಗೆ ಹೇಳುವ ಹಾಗಿಲ್ಲ.

ಈಗ ಮಾಡಬೇಕಾದ್ದು ಒಂದೇ. ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇಂಥ ಮಕ್ಕಳಿಗಾಗಿಯೇ ಒಬ್ಬ ಲಿಯೇಸಾನ್, ಅಂದರೆ ಅವರಿಗೆ ನೆರವಾಗುವ ಸಿಬ್ಬಂದಿ, ಇರಲೇಬೇಕು. ಹಳೇ ಶಾಲೆಯ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ, ಮ್ಯಾಕಿನ್ನಿ-ವೆಂಟೊ ಲಿಯೇಸಾನ್ ಜೊತೆ ಮಾತಾಡಬೇಕು ಅನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನೆಯಿಲ್ಲದ ಅಷ್ಟೂ ಕಾಲ ಅವಳು ಅದೇ ಶಾಲೆಯಲ್ಲಿರಬಹುದು. ವರ್ಷದ ಮಧ್ಯೆ ನಿಮಗೆ ಖಾಯಂ ಮನೆ ಸಿಕ್ಕರೂ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಕದಲಿಸುವಂತಿಲ್ಲ. ಓಡಾಟದ ವ್ಯವಸ್ಥೆಯನ್ನು ಡಿಸ್ಟ್ರಿಕ್ಟ್‌ನವರೇ ಮಾಡಿಕೊಡಬೇಕು, ಆದರೆ ಅದನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಮಧ್ಯಾಹ್ನದ ಊಟ ಉಚಿತ, ಅದಕ್ಕೆ ಸಂಬಳದ ಲೆಕ್ಕ ತೋರಿಸಬೇಕಿಲ್ಲ.

ದಾರಿ ತೀರಾ ದೂರವಾಗಿ ಮಗಳು ಸುಸ್ತಾಗುತ್ತಾಳೆ ಅನ್ನಿಸಿದರೆ ಸ್ನೇಹಿತರ ಊರಿನ ಶಾಲೆಗೂ ಸೇರಿಸಬಹುದು. ಲೀಸ್ ಪತ್ರ, ಲಸಿಕೆ ದಾಖಲೆ, ಹಳೇ ಮಾರ್ಕ್ಸ್ ಕಾರ್ಡ್ ಯಾವುದೂ ಕೈಯಲ್ಲಿಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು. ನನ್ನ ಮಾತು ಕೇಳುವುದಾದರೆ ಈ ವರ್ಷವಾದರೂ ಹಳೇ ಶಾಲೆಯೇ ಇರಲಿ. ಮನೆ ಬಿಟ್ಟು ಬಂದ ಮಗುವಿಗೆ ಗೆಳತಿಯರೂ ಟೀಚರೂ ಕೈತಪ್ಪುವುದು ಬೇಡ.

ಕೆಲಸದ ಜೊತೆ ವೀಸಾದ ಚಿಂತೆಯೂ ಇರಬಹುದು. ಕಾಗದಪತ್ರವಿಲ್ಲದ ವಲಸಿಗರ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ. ವೀಸಾದ ಚಿಂತೆಗೆ ಹೆದರಿ ಸುಮ್ನೆ ಕೂರಬೇಡಿ.

ಯಾರಾದರೂ ಆಗಲ್ಲ ಅಂದರೆ ಜಗಳಕ್ಕೆ ಇಳಿಯಬೇಡಿ. ಯಾಕೆ ಆಗಲ್ಲ ಅಂತ ಬರೆದು ಕೊಡಿ ಎಂದು ಕೇಳಿ. ಬರೆದು ಕೊಡುವುದು ಅವರ ಕರ್ತವ್ಯ. ಅದರ ಮೇಲೆ ನೀವು ಮೇಲ್ಮನವಿ ಹಾಕಬಹುದು. ಅದು ಇತ್ಯರ್ಥವಾಗುವವರೆಗೂ ಮಗಳು ನೀವು ಕೇಳಿದ ಶಾಲೆಯಲ್ಲೇ ಕೂತು ಪಾಠ ಕೇಳಬಹುದು.