ಬೇರೆ ಬೇರೆ ದೇಶಗಳ ‘ಡಿ ಲಾ ಸಾಲ್’ ಶಾಲೆಗಳೆಲ್ಲ ಒಂದೇ ಸಂಸ್ಥೆಯವಾ?

ಕೆಲಸದ ಮೇಲೆ ಮೂರ್ನಾಲ್ಕು ವರ್ಷಕ್ಕೊಮ್ಮೆ ದೇಶ ಬದಲಾಯಿಸುವವರು ನೀವು. ಸಿಂಗಪುರ, ಹಾಂಗ್‌ಕಾಂಗ್, ಮನಿಲಾ, ಎಲ್ಲಿ ಹುಡುಕಿದರೂ ‘ಡಿ ಲಾ ಸಾಲ್ ಬ್ರದರ್ಸ್’ ಎಂಬ ಕ್ಯಾಥೊಲಿಕ್ ಸಂಘದ ಶಾಲೆ ಕಣ್ಣಿಗೆ ಬೀಳುತ್ತಿದೆ. ಇವೆಲ್ಲ ಒಂದೇ ಸಂಸ್ಥೆಯವಾ, ಒಂದು ಕಡೆ ಚೆನ್ನಾಗಿದ್ದರೆ ಇನ್ನೊಂದು ಕಡೆಯೂ ಹಾಗೇ ಇರುತ್ತಾ, ಕ್ರೈಸ್ತರಲ್ಲದ ಮಕ್ಕಳಿಗೆ ಧರ್ಮದ ಒತ್ತಾಯ ಇರುತ್ತಾ ಅಂತ ಕೇಳಿದ್ದೀರಿ. ನಾನು ವೃತ್ತಿಯಿಂದ ಮೇಷ್ಟ್ರು, ಶಾಲೆಗಳ ಇತಿಹಾಸ ಓದುವ ಚಟವೂ ಇದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಮೂಲ ಒಂದೇ, ಆಡಳಿತ ಒಂದೇ ಅಲ್ಲ. ರೋಮ್‌ನಲ್ಲಿ ಇವರ ಕೇಂದ್ರ ಇದೆ, ಅಲ್ಲಿ ಒಬ್ಬ ಸುಪೀರಿಯರ್ ಜನರಲ್, ಅಂದರೆ ಇಡೀ ಸಂಘದ ಮುಖ್ಯಸ್ಥರು, ಇರುತ್ತಾರೆ. ಆದರೆ ಎಲ್ಲ ಶಾಲೆಗೂ ಒಂದೇ ಸಿಲಬಸ್, ಒಂದೇ ಫೀಸು ಅಂತ ಅಲ್ಲಿಂದ ಆದೇಶ ಬರುವುದಿಲ್ಲ. ಸುಮಾರು 80 ದೇಶಗಳಲ್ಲಿ ಶಾಲೆ ಕಾಲೇಜುಗಳಿವೆ, ಓದುವವರು 10 ಲಕ್ಷದ ಆಸುಪಾಸು. ಬ್ರದರ್‌ಗಳು, ಅಂದರೆ ಮದುವೆಯಾಗದೆ ಸಂಘಕ್ಕೇ ಬದುಕು ಮುಡಿಪಿಟ್ಟ ಮೇಷ್ಟ್ರುಗಳು, ಈಗ ಉಳಿದಿರುವುದು ಮಾತ್ರ ಹೆಚ್ಚುಕಡಿಮೆ 3 ಸಾವಿರ. 1960ರ ದಶಕದ ಮಧ್ಯದಲ್ಲಿ 16 ಸಾವಿರದಷ್ಟಿದ್ದರು. ಅಂದರೆ ಇವತ್ತು ಈ ಶಾಲೆಗಳಲ್ಲಿ ಪಾಠ ಮಾಡುವವರು ಬಹುಪಾಲು ಮನೆ ಮಠ ಸಂಸಾರ ಇರುವ ಮಾಮೂಲಿ ಟೀಚರುಗಳೇ. ಹೆಡ್‌ಮಾಸ್ಟರ್ ಕೂಡ ಎಷ್ಟೋ ಕಡೆ ಬ್ರದರ್ ಅಲ್ಲ. ಇಡೀ ಶಾಲೆಯಲ್ಲಿ ಒಬ್ಬ ಬ್ರದರೂ ಇಲ್ಲದ ಉದಾಹರಣೆಗಳೂ ಇವೆ.

ಹಾಗಾದರೆ ಇವುಗಳಿಗೆ ಸಮಾನವಾದದ್ದು ಏನು? ನನ್ನ ಲೆಕ್ಕದಲ್ಲಿ, ಕ್ಲಾಸು ನಡೆಸುವ ಒಂದು ರೀತಿ. ಅದು ಎಲ್ಲಿಂದ ಬಂತು ಅನ್ನೋದು ಈ ಸಂಘದ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ.

ಸಂಘದ ಸ್ಥಾಪಕ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ 1651ರಲ್ಲಿ ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ ಹುಟ್ಟಿದವರು. ಅನುಕೂಲಸ್ಥರ ಮನೆ. ಚಿಕ್ಕ ವಯಸ್ಸಿಗೇ ರೀಮ್ಸ್ ಕೆಥೆಡ್ರಲ್‌ನಲ್ಲಿ, ಅಂದರೆ ಬಿಷಪ್ಪರ ಮುಖ್ಯ ಚರ್ಚಿನಲ್ಲಿ, ಒಳ್ಳೆ ವರಮಾನದ ಹುದ್ದೆ ಸಿಕ್ಕಿತ್ತು. ಮೇಷ್ಟ್ರಾಗುವ ಯೋಚನೆಯೇ ಇರಲಿಲ್ಲ. 1679ರಲ್ಲಿ ಆಡ್ರಿಯನ್ ನಿಯೆಲ್ ಎಂಬಾತ ಬಡ ಹುಡುಗರಿಗೆ ಶಾಲೆ ತೆರೆಯಬೇಕು ಅಂತ ಊರಿಗೆ ಬಂದ. ಲಾ ಸಾಲ್ ಸುಮ್ನೆ ಒಂದಿಷ್ಟು ಸಹಾಯ ಮಾಡಿದರು. ನಿಯೆಲ್‌ಗೆ ಶಾಲೆ ಶುರುಮಾಡುವ ಉತ್ಸಾಹ ಜಾಸ್ತಿ, ಶುರುವಾದದ್ದನ್ನು ನಡೆಸುವ ತಾಳ್ಮೆ ಕಡಿಮೆ. ಆ ಶಾಲೆಗಳ ಮೇಷ್ಟ್ರುಗಳ ಜವಾಬ್ದಾರಿ ನಿಧಾನಕ್ಕೆ ಲಾ ಸಾಲ್ ತಲೆಗೇ ಬಂತು. 1681ರಲ್ಲಿ ಅವರನ್ನು ತಮ್ಮ ಮನೆಗೇ ಕರೆದುಕೊಂಡು ಬಂದರು. ಮನೆಯವರಿಗೆ ಇದು ಹಿಡಿಸಲಿಲ್ಲ. ಆಗಿನ ಕಾಲದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು ಅಂದರೆ ಆಳುಕಾಳುಗಳ ಸಾಲಿಗೆ ಸೇರಿದವರು, ಒಂದೇ ಮೇಜಿನಲ್ಲಿ ಕೂತು ಊಟ ಮಾಡುವುದಾ ಅಂತ.

ಆಮೇಲೆ ಮೇಷ್ಟ್ರುಗಳೇ ಒಂದು ಮಾತು ಎತ್ತಿದರು. ದೇವರ ಮೇಲೆ ಭಾರ ಹಾಕಿ ಅಂತ ನೀವು ಹೇಳೋದು ಸುಲಭ, ನಿಮಗೆ ಆಸ್ತಿ ಇದೆ, ವರಮಾನ ಇದೆ. ಶಾಲೆ ಮುಚ್ಚಿದರೆ ಬೀದಿಗೆ ಬೀಳುವವರು ನಾವು ಅಲ್ವಾ? ಅಂತ. ಲಾ ಸಾಲ್ 1683ರಲ್ಲಿ ಕೆಥೆಡ್ರಲ್ ಹುದ್ದೆ ಬಿಟ್ಟರು. ಮುಂದಿನ ಬರಗಾಲದಲ್ಲಿ ತಮ್ಮ ಹಣವನ್ನು ಹಸಿದವರ ಊಟಕ್ಕೆ ಖರ್ಚು ಮಾಡಿ ಮುಗಿಸಿದರು. ಸಂತರ ಕತೆಗಳಲ್ಲಿ ಇಂಥದ್ದು ಬೇಕಾದಷ್ಟು ಸಿಗುತ್ತೆ. ಇಲ್ಲಿ ಮಾತ್ರ ಕೆಳಗಿನವರು ಪ್ರಶ್ನೆ ಕೇಳಿದರು, ಮೇಲಿನವರು ಒಪ್ಪಿಕೊಂಡರು. ನನಗೆ ಹಿಡಿಸಿದ್ದು ಅದು.

ಈ ಮೇಷ್ಟ್ರುಗಳ ಗುಂಪೇ ಮುಂದೆ ಬ್ರದರ್‌ಗಳ ಸಂಘವಾಯಿತು. ಇನ್ನೊಂದು ವಿಷಯ ಗೊತ್ತಿರಲಿ. ಬ್ರದರ್ ಅಂದರೆ ಪಾದ್ರಿ ಅಲ್ಲ. ಅವರು ಚರ್ಚಿನಲ್ಲಿ ಪೂಜೆ ನಡೆಸಿಕೊಡುವುದಿಲ್ಲ. ಮದುವೆಯಾಗುವುದಿಲ್ಲ, ಸ್ವಂತ ಆಸ್ತಿ ಇಟ್ಟುಕೊಳ್ಳುವುದಿಲ್ಲ, ಒಟ್ಟಿಗೆ ಒಂದು ಮನೆಯಲ್ಲಿದ್ದು ಶಾಲೆ ನಡೆಸುತ್ತಾರೆ. ಪಾದ್ರಿಯಾದರೆ ಚರ್ಚಿನ ಕೆಲಸ ಎಳೆಯುತ್ತೆ, ಕ್ಲಾಸು ಹಿಂದೆ ಬೀಳುತ್ತೆ ಅನ್ನೋದು ಇದರ ಹಿಂದಿನ ಲೆಕ್ಕ. ಪಾಠ ಹೇಳುವುದೇ ಪೂರ್ಣಾವಧಿ ಕಸುಬು ಅಂತ ಅಷ್ಟು ಹಿಂದೆಯೇ ತೀರ್ಮಾನ ಮಾಡಿದ್ದರು. ಹಳ್ಳಿ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಶಾಲೆಯನ್ನೂ 1685ರಲ್ಲೇ ತೆರೆದಿದ್ದರು.

ಈಗ ಕ್ಲಾಸಿನ ಒಳಗೆ ಬನ್ನಿ. ಅಲ್ಲಿಯವರೆಗೆ ಮೇಷ್ಟ್ರು ಒಬ್ಬೊಬ್ಬ ಹುಡುಗನನ್ನು ಹತ್ತಿರ ಕರೆದು ಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಉಳಿದವರು ಗಲಾಟೆ ಮಾಡಿಕೊಂಡು ಇರುತ್ತಿದ್ದರು. ಬ್ರದರ್‌ಗಳು ಕಲಿಕೆಯ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ, ಇಡೀ ಗುಂಪಿಗೆ ಒಂದೇ ಪಾಠ ಒಟ್ಟಿಗೆ ಕಲಿಸಿದರು. ಈ ಪದ್ಧತಿ ಅವರೊಬ್ಬರೇ ಕಂಡುಹಿಡಿದದ್ದಲ್ಲ. ಆದರೆ ಇಷ್ಟು ಶಾಲೆಗಳಲ್ಲಿ, ಇಷ್ಟು ಅಚ್ಚುಕಟ್ಟಾಗಿ ಜಾರಿಗೆ ತಂದವರು ಇವರು. ಶಾಲೆ ನಡೆಸುವುದು ಹೇಗೆ ಅನ್ನೋ ಅವರ ಕೈಪಿಡಿ 1720ರಲ್ಲಿ ಅಚ್ಚಾಯಿತು. ಲಾ ಸಾಲ್ ತೀರಿಕೊಂಡದ್ದು 1719ರಲ್ಲಿ.

ಆ ಕೈಪಿಡಿಯ ಪ್ರಕಾರ ಮೇಷ್ಟ್ರು ಆದಷ್ಟು ಕಡಿಮೆ ಮಾತಾಡಬೇಕು. ಕೈಯಲ್ಲಿ ‘ಸಿಗ್ನಲ್’ ಅನ್ನೋ ಒಂದು ಸಣ್ಣ ಸಾಧನ, ಟಕ್ ಅಂತ ಸದ್ದು ಮಾಡುವಂಥದ್ದು. ಹುಡುಗ ಓದುತ್ತಿದ್ದಾನೆ. ಒಂದು ಟಕ್ ಅಂದರೆ ನಿಲ್ಲಿಸು. ಬೆನ್ನುಬೆನ್ನಿಗೆ ಎರಡು ಟಕ್ ಅಂದರೆ ಈಗ ಓದಿದ್ದು ತಪ್ಪು, ಮತ್ತೆ ಓದು. ಬೈಗುಳ ಇಲ್ಲ, ಉಪದೇಶ ಇಲ್ಲ. ಬೆತ್ತ ಇತ್ತು, ಅದನ್ನು ಮುಚ್ಚಿಡಬಾರದು. ಯಾವಾಗ, ಎಷ್ಟು ಅಂತ ಕಟ್ಟುನಿಟ್ಟು ಮಾಡಿ, ಅಪರೂಪಕ್ಕೆ ಮಾತ್ರ ಬಳಸಿ ಅಂತ ಬರೆದಿದ್ದಾರೆ. ಬೆಳಗಿನ ತಿಂಡಿ ಶಾಲೆಯಲ್ಲೇ. ಬ್ರೆಡ್ ಜಾಸ್ತಿ ತಂದವರು ಬುಟ್ಟಿಗೆ ಹಾಕಬೇಕು, ಅದು ತರಲಾಗದವರಿಗೆ. ಓದು ಪಳಗಿದ ಮೇಲೆ ಕೈಬರಹದ ಹಳೇ ಪತ್ರಗಳನ್ನು ಓದಿಸುತ್ತಿದ್ದರು. ಬರಹ ಪಳಗಿದ ಮೇಲೆ ರಸೀದಿ, ಸಾಲಪತ್ರ, ಬಾಡಿಗೆ ಕರಾರು ಬರೆಸುತ್ತಿದ್ದರು. ಕೂಲಿಯವನ ಮಗ ನಾಳೆ ಹೆಬ್ಬೆಟ್ಟು ಒತ್ತಿ ಮೋಸ ಹೋಗಬಾರದಲ್ಲ. ಮಗು ಶಾಲೆ ತಪ್ಪಿಸಿದರೆ ಅದಕ್ಕೆ ಏನೇನು ಕಾರಣ ಇರಬಹುದು ಅನ್ನೋದಕ್ಕೇ ಪುಟಗಟ್ಟಲೆ ಇದೆ. ಮನೆಯ ಬಡತನವೂ ಕಾರಣ, ಮೇಷ್ಟ್ರ ಅಸಡ್ಡೆಯೂ ಕಾರಣ ಅಂತ ಬಿಡಿಸಿ ಹೇಳುತ್ತಾರೆ.

ಭಾಷೆಯ ವಿಷಯದಲ್ಲೂ ಜಗಳ ಆಗಿತ್ತು. ಆಗ ಓದು ಶುರುವಾಗುತ್ತಿದ್ದದ್ದು ಲ್ಯಾಟಿನ್‌ನಿಂದ. ಇವರು ಫ್ರೆಂಚ್‌ನಿಂದ ಶುರುಮಾಡಿದರು. ಬಿಷಪ್ ಒಬ್ಬರು ಆಕ್ಷೇಪ ಎತ್ತಿದಾಗ ಲಾ ಸಾಲ್ ವಾದ ಸರಳವಾಗಿತ್ತು: ಬಡವರ ಮಕ್ಕಳು ಶಾಲೆಯಲ್ಲಿ ಇರುವುದೇ ಸ್ವಲ್ಪ ಕಾಲ, ಅಷ್ಟರಲ್ಲಿ ಲ್ಯಾಟಿನ್ ಬರುವುದಿಲ್ಲ, ಆಡುವ ಭಾಷೆಯನ್ನಾದರೂ ಓದಲು ಕಲಿತರೆ ಬದುಕಿಗೆ ಆಗುತ್ತೆ. ತಮಾಷೆ ನೋಡಿ. ಇದೇ ಸಂಘ ಮುಂದೆ ಮಲಯದಲ್ಲಿ, ಹಾಂಗ್‌ಕಾಂಗ್‌ನಲ್ಲಿ ಇಂಗ್ಲಿಷ್, ಈಜಿಪ್ಟ್ ಟರ್ಕಿಗಳಲ್ಲಿ ಫ್ರೆಂಚ್ ಕಲಿಸಿಯೇ ಹೆಸರು ಮಾಡಿತು. ವಸಾಹತು ಆಡಳಿತಕ್ಕೆ ಗುಮಾಸ್ತರು ಬೇಕಿತ್ತು, ಅಪ್ಪ ಅಮ್ಮಂದಿರಿಗೆ ಮಕ್ಕಳಿಗೊಂದು ಕೆಲಸ ಬೇಕಿತ್ತು. ಸ್ಥಾಪಕರ ವಾದ ಹಡಗು ಹತ್ತಲಿಲ್ಲ.

ಹರಡಿದ್ದು ಹೇಗೆ ಅಂದರೆ, ಅರ್ಧ ಕರೆದದ್ದರಿಂದ, ಅರ್ಧ ಓಡಿಸಿದ್ದರಿಂದ. ಫ್ರೆಂಚ್ ಕ್ರಾಂತಿಯಲ್ಲಿ, 1792ರಲ್ಲಿ ಸಂಘ ರದ್ದಾಯಿತು, ಆಮೇಲೆ ಮತ್ತೆ ಚಿಗುರಿತು. 1852ರಲ್ಲಿ ಸಿಂಗಪುರಕ್ಕೂ ಈಗಿನ ಮಲೇಷ್ಯಾದ ಪೆನಾಂಗ್‌ಗೂ ಬ್ರದರ್‌ಗಳು ಬಂದರು. ಸಿಂಗಪುರದ ಸೇಂಟ್ ಜೋಸೆಫ್ಸ್ ಇನ್‌ಸ್ಟಿಟ್ಯೂಷನ್ ಶುರುವಾದದ್ದು ಆಗ. 1875ರಲ್ಲಿ ಹಾಂಗ್‌ಕಾಂಗ್. 1904ರಲ್ಲಿ ಫ್ರಾನ್ಸ್ ಸರ್ಕಾರ ಧಾರ್ಮಿಕ ಸಂಘಗಳವರು ಪಾಠ ಮಾಡುವಂತಿಲ್ಲ ಅಂತ ಕಾನೂನು ತಂದಾಗ ಸಾವಿರಾರು ಬ್ರದರ್‌ಗಳು ದೇಶ ಬಿಟ್ಟರು. ಸ್ಪೇನ್, ಬೆಲ್ಜಿಯಂ, ಲ್ಯಾಟಿನ್ ಅಮೆರಿಕ, ಮಧ್ಯಪ್ರಾಚ್ಯದ ಶಾಲೆಗಳಿಗೆ ಅದರಿಂದ ದೊಡ್ಡ ಬಲ ಬಂತು. ಕ್ಯೂಬಾ, ವಿಯೆಟ್ನಾಂ, ಬರ್ಮಾದಂಥ ಕಡೆ ಸರ್ಕಾರವೇ ಶಾಲೆಗಳನ್ನು ವಶಕ್ಕೆ ತೆಗೆದುಕೊಂಡಿತು. ಮನಿಲಾದ ಕಾಲೇಜು 1911ರದ್ದು, ಈಗ ದೊಡ್ಡ ವಿಶ್ವವಿದ್ಯಾಲಯ. 1945ರ ಫೆಬ್ರವರಿಯಲ್ಲಿ ಜಪಾನಿ ಸೈನಿಕರು ಅದರ ಕಟ್ಟಡದೊಳಗೇ 16 ಬ್ರದರ್‌ಗಳನ್ನೂ ಅಲ್ಲಿ ಆಶ್ರಯ ಪಡೆದಿದ್ದ ಜನರನ್ನೂ ಕೊಂದರು.

ನಿಮ್ಮ ಎರಡನೇ ಪ್ರಶ್ನೆ, ಗುಣಮಟ್ಟ. ಒಂದೇ ಥರ ಇರುವುದಿಲ್ಲ. ಸಿಂಗಪುರ, ಹಾಂಗ್‌ಕಾಂಗ್, ಮಲೇಷ್ಯಾದಲ್ಲಿ ಇವರ ಹಳೆಯ ಶಾಲೆಗಳು ಹೆಚ್ಚಾಗಿ ಸರ್ಕಾರದ ಅನುದಾನದವು. ಪ್ರವೇಶ, ಸಿಲಬಸ್ ಎಲ್ಲ ಆ ದೇಶದ ನಿಯಮದ ಪ್ರಕಾರ. ಹೊರಗಿನಿಂದ ಬಂದವರಿಗೆ ಸೀಟು ಸಿಗುವುದು ಕಷ್ಟ. ಅದಕ್ಕೇ ಸಿಂಗಪುರದಲ್ಲಿ ಪ್ರತ್ಯೇಕವಾಗಿ ಅಂತರರಾಷ್ಟ್ರೀಯ ಶಾಲೆಯೂ ಇದೆ. ಅದರ ಫೀಸು ಬೇರೆಯದೇ ಮಟ್ಟದ್ದು. ಮನಿಲಾದಲ್ಲಿ ಈ ಹೆಸರು ಅಂದರೆ ಉಳ್ಳವರ ಮಕ್ಕಳ ಜಾಗ ಅನ್ನೋ ಮಾತೇ ಇದೆ. ಬಡವರಿಗೆ ಬಿಟ್ಟಿ ಪಾಠ ಹೇಳಲು ಹುಟ್ಟಿದ ಸಂಘಕ್ಕೆ ಇದು ಇರಿಸುಮುರಿಸಿನ ವಿಷಯ, ಅವರೊಳಗೇ ಚರ್ಚೆ ಇದೆ. ಅಮೆರಿಕದಲ್ಲಿ 1990ರ ದಶಕದಿಂದ ಬಡ ಬಡಾವಣೆಗಳಲ್ಲಿ ‘ಸ್ಯಾನ್ ಮಿಗೆಲ್’ ಹೆಸರಿನ ಪುಟ್ಟ ಶಾಲೆಗಳನ್ನು ತೆರೆದದ್ದು ಆ ಮುಜುಗರದ ಒಂದು ಉತ್ತರ ಅಂತ ನನಗನ್ನಿಸುತ್ತೆ. ಅದೇ ದೇಶದಲ್ಲಿ, ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯಲ್ಲಿ, ಬ್ರದರ್‌ಗಳು ದಶಕಗಳ ಕಾಲ ವೈನ್, ಬ್ರಾಂಡಿ ತಯಾರಿಸಿ ಮಾರಿ ಶಾಲೆಗಳಿಗೆ ದುಡ್ಡು ಹೊಂದಿಸಿದ್ದರು. 1989ರಲ್ಲಿ ಆ ವ್ಯಾಪಾರ ಮಾರಿಬಿಟ್ಟರು. ಮೇಷ್ಟ್ರುಗಳ ಸಂಬಳಕ್ಕೆ ಬ್ರಾಂಡಿ!

ಹೆಸರು ನೋಡಿ ಮೋಸ ಹೋಗಬೇಡಿ. ‘ಸೇಂಟ್ ಜೋಸೆಫ್’ ಎಂದಿರುವ ಶಾಲೆ ಇವರದ್ದೂ ಇರಬಹುದು, ಜೆಸ್ಯೂಟರು ಎಂಬ ಇನ್ನೊಂದು ಕ್ಯಾಥೊಲಿಕ್ ಸಂಘದ್ದೂ ಇರಬಹುದು. ‘ಕ್ರಿಶ್ಚಿಯನ್ ಬ್ರದರ್ಸ್’ ಅನ್ನೋ ಹೆಸರಿನಲ್ಲಿ ಐರ್ಲೆಂಡಿನ ಎಡ್ಮಂಡ್ ರೈಸ್ 1802ರಲ್ಲಿ ಶುರುಮಾಡಿದ ಇನ್ನೊಂದು ಸಂಘವೇ ಇದೆ. ಮಾರಿಸ್ಟ್ ಬ್ರದರ್ಸ್ ಇನ್ನೂ ಬೇರೆ. ಬ್ರೂಸ್ ಲೀ ಹಾಂಗ್‌ಕಾಂಗ್‌ನ ಲಾ ಸಾಲ್ ಕಾಲೇಜಿನಲ್ಲಿ ಓದಿ, ಅಲ್ಲಿಂದ ಹೊರಬಿದ್ದ ಮೇಲೆ ಸೇರಿದ್ದು ಮಾರಿಸ್ಟರ ಶಾಲೆಗೆ.

ಧರ್ಮದ ವಿಷಯ. ಇವು ಕ್ಯಾಥೊಲಿಕ್ ಶಾಲೆಗಳು, ಅದನ್ನು ಅವರು ಮರೆಮಾಚುವುದಿಲ್ಲ. ‘ನಾವು ದೇವರ ಸನ್ನಿಧಿಯಲ್ಲಿದ್ದೇವೆ ಎಂದು ನೆನೆಯೋಣ’ ಅನ್ನೋ ಅರ್ಥದ ಒಂದು ಸಾಲು ಹೇಳಿ ಒಂದು ಕ್ಷಣ ಸುಮ್ಮನಿರುವುದು ಎಲ್ಲ ದೇಶಗಳಲ್ಲೂ ರೂಢಿ. ನಿಮ್ಮ ಮಗುವೂ ಆ ಹೊತ್ತಿಗೆ ಸುಮ್ಮನೆ ನಿಂತಿರಬೇಕಾಗುತ್ತೆ. ಅದಕ್ಕಿಂತ ಜಾಸ್ತಿ ಏನು ಅನ್ನೋದು ದೇಶದ ಮೇಲೆ ಹೋಗುತ್ತೆ. ಬೆತ್ಲೆಹೆಮ್‌ನಲ್ಲಿ 1973ರಲ್ಲಿ ಶುರುವಾದ ಇವರ ವಿಶ್ವವಿದ್ಯಾಲಯದಲ್ಲಿ ಓದುವವರು ಹೆಚ್ಚಿನವರು ಮುಸ್ಲಿಮರು. ಥಾಯ್ಲೆಂಡಿನಲ್ಲಿ ಬೌದ್ಧರು. ಮಕ್ಕಳ ಧರ್ಮ ಬದಲಾಯಿಸಲು ಹೊರಟಿದ್ದರೆ ಅಲ್ಲೆಲ್ಲ ಇಷ್ಟು ವರ್ಷ ಬಾಗಿಲು ತೆರೆದಿಡೋಕೆ ಆಗುತ್ತಿರಲಿಲ್ಲ. ಆದರೂ ಧರ್ಮಬೋಧೆಯ ಪೀರಿಯಡ್ ಕಡ್ಡಾಯವಾ, ಇತರರಿಗೆ ನೀತಿ ಪಾಠ ಇದೆಯಾ ಅಂತ ಮೊದಲೇ ಕೇಳಿ. ನೇರವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಯದು, ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ಉತ್ತರ ಅರ್ಧವೇ. ಕ್ಯಾಥೊಲಿಕ್ ಸಂಘಗಳ ಶಾಲೆ ಮತ್ತು ಮಕ್ಕಳ ಮನೆಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯ ಹಲವು ದೇಶಗಳಲ್ಲಿ ಅಧಿಕೃತ ತನಿಖೆಯಲ್ಲಿ ಸಾಬೀತಾಗಿದೆ. ಐರಿಷ್ ಕ್ರಿಶ್ಚಿಯನ್ ಬ್ರದರ್ಸ್ ಬಗ್ಗೆ 2009ರಲ್ಲಿ ಐರ್ಲೆಂಡಿನ ಆಯೋಗದ ವರದಿ ಬಂತು. ಡಿ ಲಾ ಸಾಲ್ ಬ್ರದರ್‌ಗಳೂ ಹೊರತಲ್ಲ: ಉತ್ತರ ಐರ್ಲೆಂಡಿನಲ್ಲಿ ಅವರು ನಡೆಸುತ್ತಿದ್ದ ರುಬೇನ್ ಹೌಸ್ ಎಂಬ ಹುಡುಗರ ಮನೆಯ ವಿಷಯ 2017ರ ತನಿಖಾ ವರದಿಯಲ್ಲಿದೆ. ಇವತ್ತಿನ ಶಾಲೆಯನ್ನು ಇದರಿಂದಲೇ ಅಳೆಯಬೇಕು ಅಂತ ನಾನು ಹೇಳುತ್ತಿಲ್ಲ. ಸಂಘದ ಒಳ್ಳೆ ಹೆಸರಿನಿಂದಲೂ ಅಳೆಯಬೇಡಿ ಅಂತಷ್ಟೇ. ಶಾಲೆ ನೋಡಲು ಹೋದಾಗ ಮಕ್ಕಳ ಸುರಕ್ಷತೆಯ ಲಿಖಿತ ನಿಯಮ ಕೇಳಿ, ದೂರು ಬಂದರೆ ಯಾರು ನೋಡುತ್ತಾರೆ, ಅವರು ಶಾಲೆಯ ಹೊರಗಿನವರಾ ಅಂತ ವಿಚಾರಿಸಿ. ಫೀಸು ಕಟ್ಟಲಾಗದ ಮಕ್ಕಳು ಎಷ್ಟು ಜನ ಓದುತ್ತಿದ್ದಾರೆ ಅಂತಲೂ ಕೇಳಿ ನೋಡಿ. ಈ ಸಂಘದ ಶಾಲೆಗೆ ಆ ಪ್ರಶ್ನೆ ಕೇಳುವ ಹಕ್ಕು ಯಾರಿಗಾದರೂ ಇದೆ. ಯಾವ ಊರಿನ ಯಾವ ಶಾಲೆ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಅದು ಅನುದಾನಿತವಾ ಖಾಸಗಿಯಾ ಅಂತ ನೋಡಿ ಹೇಳುತ್ತೇನೆ.