ಬೈಲುಗದ್ದೆಯಲ್ಲಿ (ಗುಡ್ಡಗಳ ನಡುವಿನ ತಗ್ಗಿನ ಭತ್ತದ ಗದ್ದೆಯಲ್ಲಿ) ವಸತಿ ಬಡಾವಣೆ ಬೇಡವೆಂದು ಉಡುಪಿ, ಮಂಗಳೂರಿನ ಜನ ಯಾಕೆ ಪಟ್ಟು ಹಿಡಿಯುತ್ತಾರೆ?

ಮುಖ್ಯ ಕಾರಣ ನೀರು. ಗದ್ದೆಗೆ ಮಣ್ಣು ತುಂಬಿಸಿದರೆ ಮಳೆಗಾಲದಲ್ಲಿ ಅಕ್ಕಪಕ್ಕದ ಅಂಗಳಕ್ಕೆ ನೀರು ನುಗ್ಗುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಅದೇ ಮನೆಗಳ ಬಾವಿ ತಳ ಕಾಣುತ್ತದೆ.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡದಿಂದ ಇಳಿದ ನೀರು ಬೈಲಿನ ಬದುಗಳ ನಡುವೆ ನಿಂತು ನಿಧಾನವಾಗಿ ಇಂಗುತ್ತದೆ. ಮಿಕ್ಕಿದ್ದು ತೋಡು (ಮಳೆನೀರು ಹರಿಯುವ ಸಣ್ಣ ಕಾಲುವೆ) ಸೇರಿ ಹೊಳೆಗೆ ಹೋಗುತ್ತದೆ. ಅಲ್ಲಿ ನಾಲ್ಕಡಿ ಕೆಂಪು ಮಣ್ಣು ಸುರಿದು, ಇಂಟರ್‌ಲಾಕ್ ಹಾಸಿ, ತೋಡನ್ನು ಸಣ್ಣ ಪೈಪಿನೊಳಗೆ ತೂರಿಸಿದರೆ ಆ ನೀರು ಎಲ್ಲಿಗೆ ಹೋಗಬೇಕು? ಒಳಚರಂಡಿ ಇಲ್ಲದ ಕಡೆ ಕೊಳಚೆಯೂ ಅದೇ ತೋಡಿಗೆ ಸೇರಿ ಬಾವಿ ಕೆಡುವ ಭಯವಿದೆ.

ಭೂಪರಿವರ್ತನೆಗೆ, ಅಂದರೆ ಗದ್ದೆಯನ್ನು ವಸತಿ ಜಾಗವಾಗಿ ಬದಲಿಸಲು ಒಪ್ಪಿಗೆ ಕೊಡುವುದಕ್ಕೆ ಮುಂಚೆ, ಅಧಿಕಾರಿಗಳು ಜೋರು ಮಳೆಯಲ್ಲೊಮ್ಮೆ ಬಂದು ತೋಡು ನೋಡಲಿ ಎಂದು ಜನ ಕೇಳುವುದು ನನ್ನ ಪ್ರಕಾರ ಪೂರ್ತಿ ನ್ಯಾಯ.