‘ಸುಮ್ನೆ ಜೋಡಿಸಿದ್ದು’ ಅಂದರೆ ಹೇಗೆ?

ಪತ್ರ: ಮೊದಲ ಕಂಪೈಲರ್ (ನಾವು ಬರೆದದ್ದನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಬರೆದವರು ಅಮೆರಿಕದ ಕಂಪ್ಯೂಟರ್ ತಜ್ಞೆ ಗ್ರೇಸ್ ಹಾಪರ್ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರ ಎ-0 ಎಂಬ ಆ ಕಂಪೈಲರ್ ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳನ್ನು ಸುಮ್ನೆ ಜೋಡಿಸುತ್ತಿತ್ತು, ಅಷ್ಟೇ. ನಿಜವಾದ ಕಂಪೈಲರ್ ಫೋರ್ಟ್ರಾನ್ ಎಂಬ ಪ್ರೋಗ್ರಾಂ ಭಾಷೆಯದು, ಅಲ್ವಾ?
- ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಾತಿನಲ್ಲಿ ಹುರುಳಿದೆ. ಜಾನ್ ಬ್ಯಾಕಸ್ ತಂಡ 1957ರಲ್ಲಿ ಐಬಿಎಂ 704 ಯಂತ್ರಕ್ಕೆ ಕೊಟ್ಟ ಫೋರ್ಟ್ರಾನ್, ಗಣಿತದ ಸೂತ್ರವನ್ನೇ ಯಂತ್ರದ ಭಾಷೆಗೆ ತಿರುಗಿಸುತ್ತಿತ್ತು. ಎ-0 ಇವತ್ತಿನ ಲೆಕ್ಕದಲ್ಲಿ ಲೋಡರ್‌ಗೇ (ತುಣುಕುಗಳನ್ನು ಮೆಮೊರಿಗೆ ತಂದು ಕೂರಿಸುವ ಪ್ರೋಗ್ರಾಂ) ಹತ್ತಿರ. ಒಪ್ಪಿದೆ. ಆದರೆ ಆ ‘ಸುಮ್ನೆ’ ಇದೆಯಲ್ಲ, ಅದು ಚುಚ್ಚಿತು. ಕಂಪೈಲ್ ಅಂದರೇ ಆರಿಸಿ ಒಟ್ಟುಗೂಡಿಸುವುದು. ನನ್ನ ಹೊಟ್ಟೆಪಾಡೂ ಅದೇ!

ಆಗ ಪ್ರೋಗ್ರಾಂ ಬರೆಯುವವರು ಹಳೆಯ ತುಣುಕುಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದರು. ಪ್ರತಿ ತುಣುಕಿನ ವಿಳಾಸವೂ, ಅಂದರೆ ಮೆಮೊರಿಯಲ್ಲಿನ ಜಾಗದ ಸಂಖ್ಯೆಯೂ, ಸೊನ್ನೆಯಿಂದ ಶುರು. ಹೊಸ ಜಾಗಕ್ಕೆ ತಕ್ಕಂತೆ ಒಂದೊಂದು ವಿಳಾಸಕ್ಕೂ ಸಂಖ್ಯೆ ಕೂಡಬೇಕು. ಕೂಡುವುದರಲ್ಲೂ ತಪ್ಪು, ನಕಲಿನಲ್ಲೂ ತಪ್ಪು. ಇಂಗ್ಲಿಷಿನ ‘ಬಿ’ ಅಕ್ಷರ 13 ಆಗಿಬಿಡುತ್ತಿತ್ತು ಅಂತ ಹಾಪರ್ ನೆನೆದಿದ್ದಾರೆ. ಅಚ್ಚುಮೊಳೆ ಜೋಡಿಸುವ ಕಾಲದ ಪ್ರೆಸ್ಸಿನಲ್ಲಿ ಕರಡು ತಿದ್ದಿದ ನನಗೆ ಇದು ಚೆನ್ನಾಗಿ ಗೊತ್ತು. ಒಂದು ಮದುವೆ ಕಾಗದದಲ್ಲಿ ‘ವಧು’ವಿನ ಕೊಂಬು ಬಿದ್ದುಹೋಗಿ ‘ವಧ’ ಆಗಿತ್ತು.

ಹಾಪರ್ 1951-52ರಲ್ಲಿ ಈ ಕೆಲಸವನ್ನು ಯೂನಿವ್ಯಾಕ್ ಯಂತ್ರಕ್ಕೇ ವಹಿಸಿದರು. ಅದರ ಮೆಮೊರಿ 1000 ‘ಪದ’, ಅಂದರೆ ಸಾವಿರ ಖಾನೆ, ಅಷ್ಟೇ. ಒಂದೇ ಸುತ್ತಿನಲ್ಲಿ ಎಲ್ಲ ಮುಗಿಯಬೇಕು. ಆದರೆ ಇನ್ನೂ ಜಾಗವೇ ಗೊತ್ತಾಗದ ಮುಂದಿನ ತುಣುಕಿಗೆ ಹಾರುವುದು, ಅಂದರೆ ನಡುವಿನದನ್ನು ಬಿಟ್ಟು ಅಲ್ಲಿಂದ ಕೆಲಸ ಮುಂದುವರಿಸುವುದು, ಹೇಗೆ? ಅವರಿಗೆ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ನೆನಪಾಯಿತು. ಆಗಿನ ಹುಡುಗಿಯರ ಆಟದಲ್ಲಿ ಚೆಂಡನ್ನು ಒಂದೇ ಸಲ ಪುಟಿಸಬಹುದಿತ್ತು. ಹಾಗಾಗಿ ಮುಂದಿದ್ದವಳಿಗೆ ಎಸೆದು, ಓಡಿಹೋಗಿ ವಾಪಸ್ ಈಸಿಕೊಳ್ಳುತ್ತಿದ್ದರು. ಇಲ್ಲೂ ಅದೇ ಉಪಾಯ. ಮೆಮೊರಿಯ ಕೊನೆಯಲ್ಲಿ ಒಂದು ಮೂಲೆ ಖಾಲಿ ಬಿಟ್ಟರು. ತುಣುಕು ಸದ್ಯಕ್ಕೆ ಆ ಮೂಲೆಗೆ ಹಾರುತ್ತದೆ, ‘ನಿನಗೊಂದು ಸುದ್ದಿ ಇದೆ’ ಅಂತ ಮುಂದಿನದಕ್ಕೆ ಗುರುತು ಇಡುತ್ತದೆ. ಅದರ ಸರದಿ ಬಂದಾಗ ಗುರುತು ನೋಡಿ ಮೂಲೆಯಿಂದ ಅದರ ಬಾಗಿಲಿಗೆ ದಾರಿ ಬೀಳುತ್ತದೆ. ಇದಾ ಸ್ವಾಮಿ ಸುಮ್ನೆ?

ನಮ್ಮಲ್ಲೂ ಈ ರೋಗ ಜಾಸ್ತಿ. ನಿಘಂಟಿಗೆ ಕಣ್ಣು ಕಳೆದುಕೊಂಡವರನ್ನು, ಊರೂರು ಅಲೆದು ಹಾಡು ಬರೆದುಕೊಂಡವರನ್ನು ‘ಸ್ವಂತದ್ದೇನು ಬರೆದಿದ್ದಾರೆ?’ ಅಂತ ಕೇಳಿಬಿಡುತ್ತೇವೆ. ಕರಡು ತಿದ್ದುವವರ ಹೆಸರಂತೂ ಎಲ್ಲೂ ಇರುವುದಿಲ್ಲ.

ಅಂದಹಾಗೆ, ನಿಮ್ಮ ಪತ್ರದಲ್ಲಿ ಎರಡು ಕಡೆ ‘ಪೋಟ್ರಾನ್’ ಅಂತಿತ್ತು. ತಿದ್ದಿ, ಅರ್ಧಕ್ಕೆ ಇಳಿಸಿ, ಹಾಕಿದ್ದೇವೆ. ಸುಮ್ನೆ.